ಪತನ ಮೀಮಾಂಸೆ: ಹವ್ಯಾಸಿ ರಾಕೆಟ್ಟುಗಳ ಬೀಳುವಿಕೆಯ ಒಂದು ಶಾಸ್ತ್ರೀಯ ಅಧ್ಯಯನ

ಅಧ್ಯಾಯ 1: ಪೀಠಿಕೆ

ರಾಕೆಟ್ಟಿನ ಬಗ್ಗೆ ಈತನಕ ಬಂದಿರುವ ಗ್ರಂಥಗಳೆಲ್ಲ ಅದು ಏರುವ ಬಗೆಯನ್ನೇ ಹಾಡಿ ಹೊಗಳಿವೆ. ವಿದ್ವತ್ ಲೋಕ ಮಾಡಿರುವ ಅನ್ಯಾಯಗಳಲ್ಲಿ ಇದು ಸಣ್ಣದೇನಲ್ಲ. ಹವ್ಯಾಸಿಗಳು ಬಯಲಲ್ಲಿ ನಿಂತು ಹಾರಿಸುವ ರಟ್ಟಿನ ಕೊಳವೆಯ ರಾಕೆಟ್ಟನ್ನೇ ತೆಗೆದುಕೊಳ್ಳಿ. ಅದರೊಳಗಿನ ಮದ್ದು ಉರಿಯುವುದು ಸಾಮಾನ್ಯವಾಗಿ ಒಂದೆರಡು ಸೆಕೆಂಡು. ಆಮೇಲೆ ಅದು ಕೆಳಗೆ ಬರಬೇಕು, ಬಂದದ್ದನ್ನು ಹುಲ್ಲಿನಲ್ಲಿ ಹುಡುಕಬೇಕು, ಸಿಕ್ಕಷ್ಟನ್ನು ಕೈಯಲ್ಲಿ ಹಿಡಿದು ತಪ್ಪು ಯಾರದೆಂದು ಜಗಳಾಡಬೇಕು. ಅಷ್ಟರಲ್ಲಿ ಭಾನುವಾರ ಮುಗಿದಿರುತ್ತದೆ. ವ್ಯಯವಾದ ಕಾಲವನ್ನೇ ಪ್ರಮಾಣವಾಗಿ ಇಟ್ಟುಕೊಂಡರೆ, ರಾಕೆಟ್ ಪ್ರಧಾನವಾಗಿ ಬೀಳುವ ವಸ್ತು. ಏರುವುದು ಅದಕ್ಕಾಗಿ ಮಾಡಿಕೊಳ್ಳುವ ಪೂರ್ವಸಿದ್ಧತೆ. ಈ ಪ್ರಮೇಯವನ್ನು ಆಧಾರಸಹಿತ ಸಾಧಿಸುವುದೇ ಪ್ರಸ್ತುತ ಮಹಾಪ್ರಬಂಧದ ಗುರಿ.

ವ್ಯಾಪ್ತಿಯ ಬಗ್ಗೆ ಒಂದು ಮಾತು. ತಲೆಯ ಮೇಲೆ ಬಿದ್ದವು ವೈದ್ಯಶಾಸ್ತ್ರಕ್ಕೂ, ಪಕ್ಕದ ಮನೆಯ ಹೆಂಚಿನ ಮೇಲೆ ಬಿದ್ದವು ಸಿವಿಲ್ ಕಾನೂನಿಗೂ ಸೇರುವುದರಿಂದ ಅವನ್ನು ಇಲ್ಲಿ ಕೈಬಿಡಲಾಗಿದೆ. ದೀಪಾವಳಿಯಲ್ಲಿ ಬಾಟಲಿಯೊಳಗೆ ನಿಲ್ಲಿಸಿ ಹಚ್ಚಿದ ರಾಕೆಟ್ಟು, ಬಾಟಲಿ ಮಗುಚಿಕೊಂಡ ಕಾರಣ, ಎದುರುಮನೆ ಜಗುಲಿಯಲ್ಲಿ ಕೂತ ಅಜ್ಜನ ಪಂಚೆಯತ್ತ ನುಗ್ಗುವ ಪ್ರಕರಣಗಳು ಎರಡೂ ಶಾಸ್ತ್ರಗಳಿಗೆ ಏಕಕಾಲಕ್ಕೆ ಸೇರಿ ನಮ್ಮ ಕೈತಪ್ಪಿವೆ. ಪ್ರಬಂಧಕಾರನಿಗೆ ಈ ಬಗ್ಗೆ ವಿಷಾದವಿದೆ.

ಅಧ್ಯಾಯ 2: ಪ್ರಾಚೀನತೆ

ಕನ್ನಡದಲ್ಲಿ ಯಾವ ವಿಷಯದ ಮೇಲೆ ಪ್ರಬಂಧ ಬರೆದರೂ ಎರಡನೆಯ ಅಧ್ಯಾಯದಲ್ಲಿ ‘ಇದು ನಮ್ಮಲ್ಲಿ ಮೊದಲೇ ಇತ್ತು’ ಎಂದು ಸಾಧಿಸತಕ್ಕದ್ದು. ಅದೃಷ್ಟಕ್ಕೆ ಈ ಸಲ ಅದು ನಿಜ. ಹೈದರ್ ಮತ್ತು ಟಿಪ್ಪುವಿನ ಕಾಲದ ಮೈಸೂರು ಸೈನ್ಯ ಕಬ್ಬಿಣದ ಕೊಳವೆಗೆ ಮದ್ದು ಗಿಡಿದು, ಬಿದಿರಿನ ಗಳ ಕಟ್ಟಿ ಹಾರಿಸುತ್ತಿತ್ತು. 1780ರ ಪೊಳ್ಳಿಲೂರು ಕದನದಲ್ಲಿ ಇಂಗ್ಲಿಷರ ಮದ್ದಿನ ಬಂಡಿ ಸಿಡಿದದ್ದನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಈಗಲೂ ನೋಡಬಹುದು. 1799ರಲ್ಲಿ ಕೋಟೆ ಬಿದ್ದ ಮೇಲೆ ಕೈಗೆ ಸಿಕ್ಕ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ಅವನ್ನು ನೋಡಿ ವಿಲಿಯಂ ಕಾಂಗ್ರೀವ್ ತನ್ನದೇ ಹೆಸರಿನ ರಾಕೆಟ್ ಮಾಡಿಕೊಂಡ.

ಇಷ್ಟನ್ನು ಎಲ್ಲರೂ ಬರೆದಿದ್ದಾರೆ. ಪತನ ಮೀಮಾಂಸಕನಿಗೆ ಬೇಕಾದ ಆಕರ ಬೇರೆಯದು, ಅದು ಸಿಕ್ಕಿದ್ದು 2018ರಲ್ಲಿ. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, ಪಾಳುಬಾವಿಯೊಂದನ್ನು ಅಗೆದಾಗ ತುಕ್ಕು ಹಿಡಿದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಹೊರಬಂದವು. ಇವು ಒಮ್ಮೆಯೂ ಆಕಾಶ ಕಂಡವಲ್ಲ. ಏರುವ ಗೋಜಿಗೇ ಹೋಗದೆ ಬಿದ್ದವು, ಅದೂ ನೆಲಮಟ್ಟಕ್ಕಿಂತ ಕೆಳಗೆ. ಬೀಳುವುದಕ್ಕೆ ಏರುವುದು ಅನಿವಾರ್ಯ ಎಂಬ ಪೂರ್ವಪಕ್ಷವನ್ನು ಈ ಒಂದು ಬಾವಿ ಖಂಡಿಸಿಬಿಡುತ್ತದೆ.

ಅಧ್ಯಾಯ 3: ಬೂಟಿನ ಅಂಗಡಿಯವನ ಯುಗ

ಆಧುನಿಕ ಮಾದರಿ ರಾಕೆಟ್ಟಿನ ಮೂಲಪುರುಷ ಪಾದರಕ್ಷೆಯ ವ್ಯಾಪಾರಿ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ನಾರ್ಫೋಕ್ ಎಂಬ ಊರಿನ ಆರ್ವಿಲ್ ಕಾರ್ಲೈಲ್ ಅಂಗಡಿಯಲ್ಲಿ ಬೂಟು ಮಾರಿ, ಬಿಡುವಿನಲ್ಲಿ ಬಾಣಬಿರುಸಿನ ಮದ್ದಿನೊಡನೆ ಆಡುತ್ತಿದ್ದವನು. ಅವನ ಸಹೋದರ ರಾಬರ್ಟನಿಗೆ ಮಾದರಿ ವಿಮಾನಗಳ ಹುಚ್ಚು. ಉಪನ್ಯಾಸದಲ್ಲಿ ರಾಕೆಟ್ ತತ್ವ ತೋರಿಸಲು ಅವನಿಗೊಂದು ಸಾಧನ ಬೇಕಿತ್ತು. 1954ರಲ್ಲಿ ಆರ್ವಿಲ್ ಮಾಡಿಕೊಟ್ಟದ್ದು ಇಷ್ಟು: ಕಾಗದದ ಮೈ, ಹಗುರ ಮರದ ರೆಕ್ಕೆ, ಹಾರಿಸಿದ ಮೇಲೆ ಬದಲಿಸಬಹುದಾದ ಪುಟ್ಟ ಎಂಜಿನ್, ಒಳಗೆ ಮಡಿಚಿಟ್ಟ ಪ್ಯಾರಾಚೂಟ್.

ಅದು ಹುಡುಗರು ಕಬ್ಬಿಣದ ಪೈಪಿಗೆ ಕೈಗೆ ಸಿಕ್ಕ ಮದ್ದು ತುಂಬಿ ಬೆರಳು ಕಳೆದುಕೊಳ್ಳುತ್ತಿದ್ದ ಕಾಲ. 1957ರ ಅಕ್ಟೋಬರಿನಲ್ಲಿ ಸ್ಪುಟ್ನಿಕ್ ಹಾರಿದ ಮೇಲಂತೂ ಹುಚ್ಚು ಊರೂರಿಗೆ ಹಬ್ಬಿತು. ವೆಸ್ಟ್ ವರ್ಜೀನಿಯಾದ ಕೋಲ್‌ವುಡ್ ಎಂಬ ಕಲ್ಲಿದ್ದಲ ಗಣಿಯೂರಿನ ಹುಡುಗ ಹೋಮರ್ ಹಿಕಮ್ ಆ ವರ್ಷ ಮಾಡಿದ ಮೊದಲ ರಾಕೆಟ್ ಉಡಾಯಿಸಿದ್ದು ತನ್ನ ತಾಯಿಯ ಗುಲಾಬಿ ತೋಟದ ಬೇಲಿಯನ್ನು. (ಹುಡುಗ ಮುಂದೆ ನಾಸಾದಲ್ಲಿ ಎಂಜಿನಿಯರ್ ಆದ. ಬೇಲಿಯ ಮುಂದಿನ ಜೀವನದ ಬಗ್ಗೆ ಪ್ರತ್ಯೇಕ ಸಂಶೋಧನೆ ನಡೆಯಬೇಕಿದೆ.) ಇಂಥ ಅಪಾಯಗಳ ಬಗ್ಗೆ ವೈಟ್ ಸ್ಯಾಂಡ್ಸ್ ಕ್ಷಿಪಣಿ ನೆಲೆಯಲ್ಲಿದ್ದ ಹ್ಯಾರಿ ಸ್ಟೈನ್ ಪತ್ರಿಕೆಯೊಂದರಲ್ಲಿ ಬರೆದಿದ್ದ. ಅದನ್ನು ಓದಿ ಕಾರ್ಲೈಲ್ ತನ್ನ ಮಾದರಿಗಳನ್ನು ಅವನಿಗೆ ಕಳಿಸಿದ, ಅಲ್ಲಿಂದ ಒಂದು ಉದ್ಯಮವೇ ಹುಟ್ಟಿತು. ಕೊಲರಾಡೊದ ವರ್ನ್ ಎಸ್ಟೆಸ್ ‘ಮೇಬಲ್’ ಎಂದು ಹೆಸರಿಟ್ಟ ಯಂತ್ರದಿಂದ ಎಂಜಿನ್ನುಗಳನ್ನು ಸಾಲುಸಾಲಾಗಿ ಉದುರಿಸತೊಡಗಿದ.

ಚರಿತ್ರೆ ಬರೆದವರು ಕಾರ್ಲೈಲನ ಎಂಜಿನ್ನನ್ನು ಕೊಂಡಾಡುತ್ತಾರೆ. ಪ್ರಬಂಧಕಾರನ ದೃಷ್ಟಿಯಲ್ಲಿ ಅವನ ದೊಡ್ಡ ಕೊಡುಗೆ ಪ್ಯಾರಾಚೂಟ್. ಇದು ಬಿದ್ದೇ ಬೀಳುತ್ತದೆ ಎಂದು ಹಾರಿಸುವ ಮೊದಲೇ ಒಪ್ಪಿಕೊಂಡು, ಆ ಬೀಳುವಿಕೆಗೆ ಒಂದು ಮರ್ಯಾದೆಯ ಏರ್ಪಾಡು ಮಾಡುವುದಕ್ಕೆ ವ್ಯಾಪಾರಿಯ ಬುದ್ಧಿಯೇ ಬೇಕು.

ಅಧ್ಯಾಯ 4: ಪತನ ಪ್ರಭೇದಗಳು

ಎಂಜಿನ್ನಿನ ಮೈಮೇಲೆ ಅಚ್ಚಾದ ಸಂಕೇತವೇ ಈ ಶಾಸ್ತ್ರದ ಸೂತ್ರ. ಉದಾಹರಣೆಗೆ ‘ಎ8-3’. ಅಕ್ಷರ ಹೇಳುವುದು ಅದರ ಒಟ್ಟು ಕಸುವನ್ನು: ‘ಎ’ಗೆ ಗರಿಷ್ಠ 2.5 ನ್ಯೂಟನ್-ಸೆಕೆಂಡ್, ‘ಬಿ’ಗೆ 5, ‘ಸಿ’ಗೆ 10, ಹೀಗೆ ಒಂದೊಂದು ಅಕ್ಷರಕ್ಕೂ ಇಮ್ಮಡಿ. ನಡುವಿನ ಅಂಕಿ ಸರಾಸರಿ ನೂಕುಬಲ. ಕೊನೆಯದು, ಮದ್ದು ಮುಗಿದ ಮೇಲೆ ಎಷ್ಟು ಸೆಕೆಂಡು ಕಾದು ಪ್ಯಾರಾಚೂಟನ್ನು ಹೊರದೂಡಬೇಕು ಎಂಬುದು. ಹವ್ಯಾಸಿಯ ಕಣ್ಣು ಸದಾ ಅಕ್ಷರದ ಮೇಲೆ, ಅನಾಹುತ ಸದಾ ಕೊನೆಯ ಅಂಕಿಯಲ್ಲಿ.

ಭಾರದ ರಾಕೆಟ್ಟಿಗೆ ‘ಸಿ6-7’ ತುರುಕಿದವನ ಗತಿ ನೋಡಿ. ಅದು ಗಂಭೀರವಾಗಿ ಏರಿ, ತುದಿಯಲ್ಲಿ ಹೊರಳಿ, ಏಳು ಸೆಕೆಂಡು ತುಂಬುವ ಮೊದಲೇ ತಲೆಕೆಳಗಾಗಿ ಬಂದು ನೆಲಕ್ಕೆ ಮೂಗು ಊರುತ್ತದೆ. ಜನ ಹತ್ತಿರ ಹೋಗಿ ಬಗ್ಗಿ ನೋಡುವಷ್ಟರಲ್ಲಿ ಟಪ್ಪೆಂದು ಸದ್ದು. ಮೂಗು ಮಣ್ಣಿನಲ್ಲೇ ಉಳಿದು ಕೊಳವೆ ಮಾತ್ರ ಮೇಲಕ್ಕೆ ನೆಗೆದು, ಮದುವೆ ಮುಗಿದ ಮೇಲೆ ಬಂದ ವಾಲಗದವರ ಹಾಗೆ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ. ಅಮೆರಿಕದ ಹವ್ಯಾಸಿಗಳು ಹೀಗೆ ಮೂಗಿನಿಂದ ಮಣ್ಣು ಕೊರೆದ ರಾಕೆಟ್ಟನ್ನು ಭೂವಿಜ್ಞಾನಿಗಳ ಮಣ್ಣಿನ ಮಾದರಿಯ ಹೆಸರಿನಿಂದ ಕರೆಯುತ್ತಾರೆ. ಒಂದು ಶಾಸ್ತ್ರದ ಸೋಲು ಇನ್ನೊಂದರ ದತ್ತಾಂಶವಾಗುವುದು ಹೀಗೆ.

ಇನ್ನೊಂದು ಪ್ರಭೇದ ಸೂಕ್ಷ್ಮವಾದದ್ದು. ಪ್ಯಾರಾಚೂಟಿನ ಕೆಳಗೆ ಬೆಂಕಿ ಹತ್ತದ ಕಾಗದವನ್ನು ಸಡಿಲವಾಗಿ ತುಂಬಬೇಕು, ಹೊರದೂಡುವ ಬಿಸಿಯುಸಿರು ತಾಗದಂತೆ. ಇದನ್ನು ಮರೆತವನ ಪ್ಲಾಸ್ಟಿಕ್ ಛತ್ರಿ ಒಳಗೇ ಕರಗಿ ಅಂಟಿ ಉಂಡೆಯಾಗುತ್ತದೆ. ಆಮೇಲೆ ಸರಿಯಾದ ಹೊತ್ತಿಗೆ, ಸರಿಯಾದ ಎತ್ತರದಲ್ಲಿ, ಉಂಡೆಯಾಗಿಯೇ ಹೊರಬರುತ್ತದೆ. ಯಂತ್ರ ತನ್ನ ಕರ್ತವ್ಯದಲ್ಲಿ ಲೋಪ ಮಾಡಿಲ್ಲ ಎಂಬುದನ್ನು ಪರೀಕ್ಷಕರು ಗಮನಿಸಬೇಕು.

ಅಡ್ಡಪತನವನ್ನೂ ಹೇಳಿಬಿಡೋಣ. ರಾಕೆಟ್ಟಿನ ತೂಕದ ಕೇಂದ್ರ, ಗಾಳಿಯೊತ್ತಡದ ಕೇಂದ್ರಕ್ಕಿಂತ ಕನಿಷ್ಠ ಒಂದು ಕೊಳವೆಯ ದಪ್ಪದಷ್ಟಾದರೂ ಮೂಗಿನ ಕಡೆಗಿರಬೇಕು. ಲೆಕ್ಕ ಹಾಕಲು ಜೇಮ್ಸ್ ಬ್ಯಾರೋಮನ್ ಸಮೀಕರಣಗಳನ್ನು ಕೊಟ್ಟಿದ್ದಾನೆ. ಲೆಕ್ಕ ಬಾರದವರಿಗೆ ದಾರವಿದೆ. ತೂಕದ ಕೇಂದ್ರಕ್ಕೆ ದಾರ ಕಟ್ಟಿ ರಾಕೆಟ್ಟನ್ನು ತಲೆಯ ಸುತ್ತ ಗಿರ್ರನೆ ತಿರುಗಿಸಿದಾಗ ಮೂಗು ಮುಂದಾಗಿ ತಿರುಗಿದರೆ ಪಾಸು. ಹಿತ್ತಿಲಲ್ಲಿ ಈ ಪರೀಕ್ಷೆ ನಡೆಸುವ ನಡುವಯಸ್ಸಿನ ಗೃಹಸ್ಥನನ್ನು ಕಂಡ ಮನೆಯವರ ಮನಃಸ್ಥಿತಿ ಈ ಪ್ರಬಂಧದ ವ್ಯಾಪ್ತಿಯಲ್ಲಿಲ್ಲ. ಪರೀಕ್ಷೆ ತಪ್ಪಿಸಿಕೊಂಡ ರಾಕೆಟ್ಟು ಉಡಾವಣೆಯ ಕಂಬಿ ಬಿಟ್ಟೊಡನೆ ದಿಕ್ಕುಗೆಟ್ಟು ನೆಲಕ್ಕೆ ಸಮಾನಾಂತರವಾಗಿ ಪ್ರೇಕ್ಷಕರನ್ನು ಅಟ್ಟಿಸಿಕೊಂಡು ಬರುತ್ತದೆ. ಇದು ಬಿದ್ದದ್ದೋ ಹಾರಿದ್ದೋ ಎಂದು ತೀರ್ಮಾನಿಸಲು ಆ ಕ್ಷಣದಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ.

ಅಧ್ಯಾಯ 5: ಯಶಸ್ವಿ ಹಾರಾಟಗಳು

ಸಾಮಗ್ರಿ ಬೇಕಾದಷ್ಟು ಸಿಕ್ಕಿತು, ಸ್ವಾರಸ್ಯ ಸಿಗಲಿಲ್ಲ. ಹಾರಿತು, ಇಳಿಯಿತು, ಡಬ್ಬಿಗೆ ಹಾಕಿಕೊಂಡು ಮನೆಗೆ ಹೋದರು.

ಅಧ್ಯಾಯ 6: ಪರದೆಯ ಮೇಲಿನ ಪತನ

ಬಯಲಿನ ಪಂಥಕ್ಕೂ ಪರದೆಯ ಪಂಥಕ್ಕೂ ನೇರ ಗುರುಪರಂಪರೆ ಇದೆ. ಬ್ರೆಜಿಲಿನ ಫೆಲಿಪೆ ಫಲಾಂಜಿ ಹದಿಹರೆಯದಲ್ಲಿ ಪಟಾಕಿಗಳನ್ನು ಅಷ್ಟಿಷ್ಟು ಮಾರ್ಪಡಿಸಿ, ತವರದ ಹಾಳೆಯಲ್ಲಿ ಪುಟ್ಟ ಮನುಷ್ಯರನ್ನು ಮಾಡಿ ಅವುಗಳಲ್ಲಿ ಕೂರಿಸಿ ಹಾರಿಸುತ್ತಿದ್ದ. ಅವರಿಗೆ ‘ಕರ್ಬಲ್’ಗಳೆಂದು ಹೆಸರಿಟ್ಟಿದ್ದ. ಮುಂದೆ ಮೆಕ್ಸಿಕೊ ನಗರದ ಸ್ಕ್ವಾಡ್ ಎಂಬ ಕಂಪನಿಯಲ್ಲಿದ್ದಾಗ ಇದೇ ಕರ್ಬಲ್‌ಗಳನ್ನಿಟ್ಟು ಆಟವೊಂದನ್ನು ಕಟ್ಟಿದ. ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’ 2011ರ ಜೂನಿನಲ್ಲಿ ಮೊದಲ ಬಾರಿಗೆ ಜನರ ಕೈಗೆ ಬಂತು, 2015ರಲ್ಲಿ ಪೂರ್ಣರೂಪ ಪಡೆಯಿತು. ಆಟಗಾರ ಬಿಡಿಭಾಗಗಳನ್ನು ಜೋಡಿಸಿ ರಾಕೆಟ್ ಮಾಡಬೇಕು, ಹಸಿರು ಮುಖದ ಗಗನಯಾತ್ರಿಗಳನ್ನು ಕೂರಿಸಬೇಕು, ಸ್ಪೇಸ್ ಕೀಲಿ ಒತ್ತಬೇಕು. ಆಮೇಲಿನದು ನಮ್ಮ ಶಾಸ್ತ್ರಕ್ಕೆ ಸೇರಿದ್ದು.

ಹೊಸಬ ಮಾಡುವ ಆದಿದೋಷ ಹಂತಗಳ ಪಟ್ಟಿಯಲ್ಲಿರುತ್ತದೆ. ಎಂಜಿನ್ ಹೊತ್ತುವುದೂ ಪ್ಯಾರಾಚೂಟ್ ಬಿಚ್ಚುವುದೂ ಒಂದೇ ಹಂತಕ್ಕೆ ಬಿದ್ದಿದ್ದರೆ, ಒಂದೇ ಒತ್ತಿಗೆ ಎರಡೂ ನಡೆಯುತ್ತವೆ. ಪರದೆಯ ಕೆಳಮೂಲೆಯ ಪುಟ್ಟ ಚೌಕಗಳಲ್ಲಿ ಯಾತ್ರಿಗಳ ಮುಖ ಕಾಣುತ್ತದೆ. ಬಾಬ್ ಬಾಯಿ ತೆರೆದು ಅರಚುತ್ತಿರುತ್ತಾನೆ. ಪಕ್ಕದ ಚೌಕದಲ್ಲಿ ಜೆಬೆಡಾಯಾ ಹಲ್ಲು ಕಿರಿಯುತ್ತಿರುತ್ತಾನೆ. ರಾಕೆಟ್ಟು ಇಬ್ಬರದ್ದೂ ಒಂದೇ.

ಇದು ಆಟದ ಅತಿಶಯ ಎಂದು ಮೂಗು ಮುರಿಯುವವರು 1960ರ ನವೆಂಬರ್ 21ಕ್ಕೆ ಹೋಗಿಬರಲಿ. ಕೇಪ್ ಕೆನವೆರಲ್‌ನಲ್ಲಿ ನಾಸಾದ ಮರ್ಕ್ಯುರಿ-ರೆಡ್‌ಸ್ಟೋನ್ 1 ಹೊತ್ತಿಕೊಂಡು ಸುಮಾರು ನಾಲ್ಕು ಇಂಚು ಏರಿತು. ಬುಡದ ಎರಡು ವಿದ್ಯುತ್ ಪ್ಲಗ್ಗುಗಳು ಕಳಚಬೇಕಾದ ಸರದಿ ತಪ್ಪಿದ್ದರಿಂದ ಎಂಜಿನ್ ತಾನೇ ಆರಿ, ರಾಕೆಟ್ ಮತ್ತೆ ಪೀಠದ ಮೇಲೆ ಕೂತುಕೊಂಡಿತು. ಪ್ರಯಾಣ ಮುಗಿಯಿತೆಂದು ಬಗೆದು, ತುದಿಯಲ್ಲಿದ್ದ ರಕ್ಷಣಾ ರಾಕೆಟ್ ಕೋಶವನ್ನು ಬಿಟ್ಟು ತಾನೊಂದೇ ಹಾರಿಹೋಯಿತು. ಅದರ ಹಿಂದೆಯೇ ಪ್ಯಾರಾಚೂಟುಗಳು ಒಂದೊಂದಾಗಿ ಹೊರಬಂದು ಪಕ್ಕಕ್ಕೆ ಜೋತುಬಿದ್ದವು. ತುಂಬಿದ ಟ್ಯಾಂಕಿನ ರಾಕೆಟ್, ಜೋತಾಡುವ ಬಟ್ಟೆ, ಗಾಳಿ ಬಂದರೆ ಗತಿಯೇನು ಎಂಬ ಚಿಂತೆ. ಬಂದೂಕಿನಿಂದ ಟ್ಯಾಂಕಿಗೆ ತೂತು ಹೊಡೆಯೋಣ ಎಂದವರೂ ಇದ್ದರು. ಕೊನೆಗೆ ಬ್ಯಾಟರಿ ತಾನಾಗಿ ಮುಗಿಯಲೆಂದು ಮರುದಿನದವರೆಗೆ ಕಾದರು. ನಾಲ್ಕು ಇಂಚಿನಿಂದ ಬಿದ್ದು ಇಷ್ಟು ಸಾಧಿಸಿದ ಇನ್ನೊಂದು ಯಂತ್ರ ಪ್ರಬಂಧಕಾರನಿಗೆ ಕಂಡುಬಂದಿಲ್ಲ. ಮೂರು ವರ್ಷ ಮೊದಲು ವ್ಯಾನ್‌ಗಾರ್ಡ್ ರಾಕೆಟ್ ನಾಲ್ಕಡಿ ಏರಿ ಕುಸಿದು ಭಗ್ಗೆಂದಿತ್ತು, ಅದರ ಉಪಗ್ರಹ ನೆಲಕ್ಕುರುಳಿ ಅಲ್ಲಿಂದಲೇ ಸಂಕೇತ ಕಳಿಸುತ್ತಿತ್ತು. ಆದರೂ ಪರಿಷ್ಕಾರದಲ್ಲಿ ರೆಡ್‌ಸ್ಟೋನೇ ಮೇಲು.

ಕ್ಷೇತ್ರಕಾರ್ಯದಲ್ಲಿ ದಾಖಲಿಸಿಕೊಂಡ ಪಠ್ಯವೊಂದನ್ನು ಇಲ್ಲಿ ಕೊಡಬೇಕು. ಸ್ಥಳ: ಬೆಂಗಳೂರು, ಬಾಡಿಗೆ ಮನೆಯ ಹಾಲು. ವಕ್ತೃಗಳು: ಹೈಸ್ಕೂಲಿನ ಹುಡುಗ, ಅವನ ತಾಯಿ. ಸಮಯ: ರಾತ್ರಿ ಊಟದ ಹೊತ್ತು ಮೀರಿ.

“ಏಳೋ, ಅನ್ನ ಆರಿಹೋಯ್ತು.”

“ಒಂದ್ನಿಮಿಷ ಅಮ್ಮಾ, ಚಂದ್ರನ ಮೇಲೆ ಇಳೀತಾ ಇದೆ.”

“ಅದರಲ್ಲಿ ಮೂರು ಜನ ಕೂತಿದ್ರಲ್ಲ, ಎಲ್ಲೋದ್ರೋ?”

“ರಿವರ್ಟ್ ಒತ್ತಿದ್ರೆ ವಾಪಸ್ ಬರ್ತಾರಮ್ಮ.”

“ಮತ್ತೆ ಅದರಲ್ಲೇ ಕೂರಿಸ್ತೀಯಾ?”

“ಹೂಂ.”

“ಅವರ ಮನೇಲಿ ಹೇಳೋರು ಕೇಳೋರು ಯಾರೂ ಇಲ್ವಾ?”

ತಾಯಿಯ ಕೊನೆಯ ಪ್ರಶ್ನೆಗೆ ಈ ಪಂಥದ ಯಾವ ಆಚಾರ್ಯರೂ ಉತ್ತರ ಕೊಟ್ಟಿಲ್ಲ. ಹುಡುಗ ಮಾತ್ರ ‘ಇನ್ನೂ ನಾಲ್ಕು ಬೂಸ್ಟರ್ ಹಾಕ್ತೀನಿ’ ಎಂದ. ಎಲ್ಲ ಆಕ್ಷೇಪಗಳಿಗೂ ಕರ್ಬಲ್ ಪಂಥದವರು ಕೊಡುವ ಉತ್ತರ ಇದೊಂದೇ.

ಈ ಪಂಥಕ್ಕಿಂತ ಹಳೆಯದಾದ ಮಡಿವಂತ ಪಂಥವೂ ಒಂದಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಮಾರ್ಟಿನ್ ಶ್ವೈಗರ್ 2000ರಲ್ಲಿ ಹೊರತಂದ ‘ಆರ್ಬಿಟರ್’ನಲ್ಲಿ ನಿಜವಾದ ಭೂಮಿ, ನಿಜವಾದ ಚಂದ್ರ. ಅಲ್ಲಿ ನಗುವ ಮುಖಗಳಿಲ್ಲ. ಅದರ ಅನುಯಾಯಿಗಳು ಬಿದ್ದರೂ ಗಂಭೀರವಾಗಿ ಬೀಳುತ್ತಾರೆ.

ಅಧ್ಯಾಯ 7: ಸಿದ್ಧಾಂತ

ಪೂರ್ವಪಕ್ಷದವರ ಕೊನೆಯ ಅಸ್ತ್ರ ಉಪಗ್ರಹ. ‘ಏರಿ ಅಲ್ಲೇ ಉಳಿದದ್ದೂ ಇದೆಯಲ್ಲ, ಅದಕ್ಕೇನೆನ್ನುತ್ತೀರಿ?’ ಎಂದು ಕೇಳುತ್ತಾರೆ. ಇದಕ್ಕೆ ಉತ್ತರ ಕರ್ಬಲ್ ಆಡಿದ ಹೈಸ್ಕೂಲು ಹುಡುಗನಿಗೆ ಗೊತ್ತು.

ಆಟದ ಮೊದಲ ದಿನ ಎಲ್ಲರೂ ರಾಕೆಟ್ಟನ್ನು ನೆಟ್ಟಗೆ ಮೇಲಕ್ಕೆ ಹಾರಿಸುತ್ತಾರೆ. ಕರ್ಬಿನ್ ಗ್ರಹದ ಗಾಳಿ ಮುಗಿಯುವುದು 70 ಕಿ.ಮೀ. ಎತ್ತರದಲ್ಲಿ. ಅದನ್ನು ದಾಟಿ ನೂರಕ್ಕೆ ಮುಟ್ಟಿದರೂ ರಾಕೆಟ್ಟು ಒಂದು ಕ್ಷಣ ನಿಂತು, ಹೋದ ದಾರಿಯಲ್ಲೇ ಹಿಂದಿರುಗುತ್ತದೆ. ಎತ್ತರದಿಂದ ಏನೂ ಆಗಲಿಲ್ಲ, ಬೇಕಾದದ್ದು ಅಡ್ಡವೇಗ. ಕರ್ಬಿನ್ನಿನ ತ್ರಿಜ್ಯ 600 ಕಿ.ಮೀ., ಭೂಮಿಯದಕ್ಕೆ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ. ಅಲ್ಲಿ ಸೆಕೆಂಡಿಗೆ ಸುಮಾರು 2.3 ಕಿ.ಮೀ. ಸಾಕು. ನಮ್ಮ ಭೂಮಿಗೆ, 400 ಕಿ.ಮೀ. ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ, ಸುಮಾರು 7.7 ಬೇಕು. ಆ ವೇಗದಲ್ಲಿ ಓಡುವ ವಸ್ತು ಬೀಳುತ್ತಲೇ ಇರುತ್ತದೆ, ಅದು ಬಿದ್ದಷ್ಟೇ ಕೆಳಗೆ ನೆಲವೂ ಬಾಗಿ ಜಾರಿಕೊಳ್ಳುತ್ತದೆ. ನಿಲ್ದಾಣದಲ್ಲಿ ಗುರುತ್ವವೇ ಇಲ್ಲ ಎಂದು ನಂಬಿದವರಿಗೆ ಹೇಳಬೇಕು: ಅಲ್ಲಿ ನೆಲದ ಗುರುತ್ವದ ನೂರಕ್ಕೆ ಸುಮಾರು 90ರಷ್ಟು ಇದೆ. ಒಳಗಿನವರು ತೇಲುವುದು ಮನೆಯ ಸಮೇತ ಬೀಳುತ್ತಿರುವುದರಿಂದ.

ಹಾಗಾಗಿ ಉಪಗ್ರಹವೆಂದರೆ ಪತನವನ್ನು ಗೆದ್ದದ್ದಲ್ಲ, ಪತನವನ್ನು ಮುಗಿಸಲು ಬಿಡುವಿಲ್ಲದ್ದು. ಮುಂದೆ ಹೋಗುತ್ತಿರುವ ನೌಕೆಯನ್ನು ಹಿಡಿಯಬೇಕಾದರೆ ಹಿಂದಿನ ನೌಕೆ ವೇಗ ಕಡಿಮೆ ಮಾಡಿ, ಕೆಳಗಿನ ಕಕ್ಷೆಗೆ ಬಿದ್ದು, ಅಲ್ಲಿಂದ ಬೇಗ ಸುತ್ತಿ ಬರಬೇಕೆಂಬ ವಿಚಿತ್ರವೂ ಇದನ್ನೇ ಸಮರ್ಥಿಸುತ್ತದೆ. ಇದನ್ನು ಪುಸ್ತಕದಲ್ಲಿ ಓದಿದವನು ಒಪ್ಪುತ್ತಾನೆ. ಆಟದಲ್ಲಿ ಎಂಜಿನ್ ಜೋರು ಮಾಡಿ ಮುಂದಿನ ನೌಕೆಯನ್ನು ಇನ್ನಷ್ಟು ದೂರ ಮಾಡಿಕೊಂಡವನು ನಂಬುತ್ತಾನೆ. ಎ8-3ರಿಂದ ಬಾಹ್ಯಾಕಾಶ ನಿಲ್ದಾಣದವರೆಗೆ ಎಲ್ಲವೂ ಪತನವೇ. ಪ್ರಮೇಯ ಸಿದ್ಧವಾಯಿತು.

ಅನುಬಂಧ: ವೃಕ್ಷಾವಸ್ಥೆ

ಪ್ರಮೇಯ ಸಿದ್ಧವಾದ ಮೇಲೆ ಮೌಖಿಕ ಪರೀಕ್ಷೆಯಲ್ಲಿ ಒಬ್ಬ ಪರೀಕ್ಷಕರು ಕೇಳಿದರು: ‘ಮರಕ್ಕೆ ಸಿಕ್ಕಿಕೊಂಡ ರಾಕೆಟ್ಟು ಯಾವ ವರ್ಗ?’ ಪ್ರಬಂಧಕಾರ ನಿರುತ್ತರನಾದ. ಪ್ಯಾರಾಚೂಟ್ ಕೊಂಬೆಗೆ ಸುತ್ತಿಕೊಂಡು ಮೂವತ್ತಡಿ ಮೇಲೆ ನೇತಾಡುವ ರಾಕೆಟ್ಟು ಏರಿದ್ದಲ್ಲ, ಬಿದ್ದದ್ದೂ ಅಲ್ಲ, ಕಕ್ಷೆಯಲ್ಲಂತೂ ಇಲ್ಲ. ಹತ್ತಿ ಇಳಿಸೋಣವೆಂದರೆ ಅಮೆರಿಕದ ರಾಷ್ಟ್ರೀಯ ರಾಕೆಟ್ರಿ ಸಂಘದ ಸುರಕ್ಷತಾ ನಿಯಮ ಅಡ್ಡ ಬರುತ್ತದೆ: ವಿದ್ಯುತ್ ತಂತಿಯಿಂದಾಗಲಿ ಎತ್ತರದ ಮರದಿಂದಾಗಲಿ ರಾಕೆಟ್ಟನ್ನು ಬಿಡಿಸಲು ಹೋಗಕೂಡದು. ಹವ್ಯಾಸಿಗಳು ಸಾಮಾನ್ಯವಾಗಿ ಬುಡದಲ್ಲಿ ನಿಂತು ಕಲ್ಲು ಬೀರಿ, ಆಮೇಲೆ ಚಪ್ಪಲಿ ಬೀರಿ, ಚಪ್ಪಲಿಯನ್ನೂ ಅದೇ ವರ್ಗಕ್ಕೆ ಸೇರಿಸಿ ಮನೆಗೆ ಹೋಗುತ್ತಾರೆ. ಜೋರು ಗಾಳಿ ಬೀಸಿ ದತ್ತಾಂಶ ಕೆಳಗೆ ಬರುವವರೆಗೆ ಈ ಭಾಗವನ್ನು ಮುಂದೂಡಲು ಮಾರ್ಗದರ್ಶಕರು ಒಪ್ಪಿದ್ದಾರೆ. ಸಂಶೋಧನಾ ವೇತನದ ಅವಧಿಯನ್ನೂ ಅಲ್ಲಿಯವರೆಗೆ ವಿಸ್ತರಿಸಲು ಅರ್ಜಿ ಸಲ್ಲಿಸಲಾಗಿದೆ.