ಉಂದರ್‌ಮಾಮಾನ ಸ್ವಂತ ಸೈಟು

ಅಹಮದಾಬಾದಿನ ಮಣಿನಗರದ ನಮ್ಮ ಮನೆಯ ಹಿಂದೆ ಚಾಪೆಯಗಲದ ಹುಲ್ಲಿದೆ. ನನ್ನವಳು ಅದನ್ನು ‘ತೋಟ’ ಎನ್ನುತ್ತಾಳೆ. ಹೆಗ್ಗಣ ‘ಸ್ವಂತ ಸೈಟು’ ಎಂದುಕೊಂಡಿದೆ. ಹೋಳಿ ಮುಗಿದು ಗರಿಕೆಗೆ ನೀರು ಬಿಡೋಣವೆಂದರೆ ಎಲ್ಲೆಲ್ಲೂ ಮಣ್ಣುಗುಡ್ಡೆ. 1451ರಲ್ಲಿ ಮುಗಿದ ನಮ್ಮ ಕಾಂಕರಿಯಾ ಕೆರೆಗೂ ಇಷ್ಟು ಮಣ್ಣು ತೋಡಿರಲಿಕ್ಕಿಲ್ಲ!

ಊರಿಗೆ ಫೋನು ಮಾಡಿದೆ. “ಗದ್ದೇಲಾದ್ರೆ ತೆನೆ ಕತ್ತರಿಸಿ ಬಿಲದಲ್ಲಿ ಕಣಜಾನೇ ಕಟ್ಟತ್ತೆ ಕಣೋ. ಒಣಮೆಣಸಿನಕಾಯಿ ಹೊಗೆ ಹಾಕು” ಎಂದರು ಅಪ್ಪ. ಹಾಕಿದೆ. ಬಿಲದ ನಾಲ್ಕು ಬಾಯಿ ಮುಚ್ಚಿದ್ದೆ. ಹೆಗ್ಗಣ ಐದನೆಯದರಿಂದ ಹೊರಟಿತು. ಕೆಮ್ಮಿದ್ದು ಮಾತ್ರ ಇಡೀ ಸೊಸೈಟಿ.

ಪಾಷಾಣದ ಮಾತೆತ್ತಿದ್ದೇ ತಡ, ಪಕ್ಕದ ಮನೆಯ ಬೆನ್ ಕೈಮುಗಿದರು: “ಉಂದರ್‌ಮಾಮಾ ಗಣಪತಿಯ ವಾಹನ, ಭಾಯ್!” ಇಲಿಯೆಂಬ ಸೋದರಮಾವನ ಮೇಲೆ ಕೈ ಮಾಡುವುದುಂಟೇ? ಬೋನಿಟ್ಟು ಕಡಲೆಹಿಟ್ಟಿನ ಗಾಂಠಿಯಾ ಸಿಕ್ಕಿಸಿದೆ. ಬೆಳಿಗ್ಗೆ ಗಾಂಠಿಯಾ ಮಾಯ, ಬೋನು ಖಾಲಿ. ಮರುದಿನವೂ ಅಷ್ಟೇ. ಮೂರನೆಯ ದಿನ ನನ್ನವಳು, “ಜೊತೆಗೆ ಕರಿದ ಹಸಿಮೆಣಸಿನಕಾಯೂ ಇಡಿ, ಮಾವನಿಗೆ ಬೇಜಾರಾದೀತು” ಎಂದಳು.

ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ಇಲ್ಲಿ ಇಲಿಯೇ ಬೆಟ್ಟ ಕಟ್ಟಿ ನನ್ನನ್ನು ಹಿಡಿದು ಕೂರಿಸಿದೆ. ಬಾಡಿಗೆಯನ್ನಾದರೂ ಕೇಳೋಣವೆಂದರೆ, ಸೈಟಿನ ಮಾಲೀಕ ಅವನೇ!