ಗಾಲೆಯ ಬಾಡಿಗೆದಾರರು

ಕೋಟೆ ನೋಡಲು ಹೋಗುವವರಲ್ಲಿ ಎರಡು ಪಂಗಡ: ಇತಿಹಾಸ ಕೇಳುವವರು, ನೆರಳು ಹುಡುಕುವವರು. ಶ್ರೀಲಂಕಾದ ಗಾಲೆ ಕೋಟೆಯಲ್ಲಿ ನಮ್ಮ ಮನೆಯೇ ಇಬ್ಭಾಗವಾಯಿತು. ನಾನು ಗೈಡಿನ ಹಿಂದೆ, ನನ್ನವಳು ಮರದ ಹಿಂದೆ.

ಗೈಡು ಒಂದೇ ಉಸಿರಿಗೆ ಶತಮಾನಗಳನ್ನು ಮುಗಿಸಿದ. 1588ರಲ್ಲಿ ಪೋರ್ಚುಗೀಸರು ಕಟ್ಟಿದರು. 1640ರಲ್ಲಿ ಡಚ್ಚರು ಕಿತ್ತುಕೊಂಡು ದೊಡ್ಡದು ಮಾಡಿದರು. 1796ರಲ್ಲಿ ಗುಂಡು ಹಾರಿಸದೆಯೇ ಬ್ರಿಟಿಷರಿಗೆ ಒಪ್ಪಿಸಿದರು. ಬಾಡಿಗೆದಾರರು ಬದಲಾಗುತ್ತಲೇ ಇದ್ದರು, ಮನೆ ಮಾಲೀಕರನ್ನು ಮಾತ್ರ ಯಾರೂ ಕೇಳಲಿಲ್ಲ. “ಇಷ್ಟು ದಪ್ಪ ಗೋಡೆ ಕಟ್ಟಿ ಕೊನೆಗೆ ಬೀಗದ ಕೈ ಕೊಟ್ಬಿಟ್ರಾ?” ಎಂದಳು ನನ್ನವಳು, ಮರದಡಿಯಿಂದಲೇ.

ಹಳೆಯ ಹೆಬ್ಬಾಗಿಲ ಒಳಬದಿಯಲ್ಲಿ 1669ರ ಡಚ್ ಕಂಪನಿಯ ಲಾಂಛನವಿದೆ. ಆಚೀಚೆ ಎರಡು ಸಿಂಹ, ಅವುಗಳ ಮೇಲೊಂದು ಹುಂಜ. “ನೋಡ್ರೀ, ಎಲ್ಲಾ ಕಡೆ ಹೀಗೇ. ಕೂಗೋರು ಮೇಲೆ!” ನಾನು ಮುಂದಿನ ಪ್ರಶ್ನೆಯನ್ನು ನುಂಗಿಕೊಂಡೆ.

ಡಚ್ಚರ ನೆಲದಡಿಯ ಚರಂಡಿಗಳನ್ನು ಸಮುದ್ರದ ಉಬ್ಬರವಿಳಿತವೇ ತೊಳೆಯುತ್ತಿತ್ತಂತೆ. ಬೆಂಗಳೂರಿನವನಾದ ನನಗೆ ಫಿರಂಗಿಗಿಂತ ಇದೇ ದೊಡ್ಡ ಬೆರಗು. ಮಳೆ ಬಂದರೆ ನಮ್ಮ ಬಡಾವಣೆಗೂ ಉಬ್ಬರ ಬರುತ್ತದೆ. ಕೊಳೆ ಮಾತ್ರ ಹೊರಗೆ ಹೋಗುವ ಬದಲು ಮನೆಯೊಳಗೆ ಬರುತ್ತದೆ.

ಊರಿನ ಕಡೆಗೆ ಸೂರ್ಯ, ಚಂದ್ರ, ನಕ್ಷತ್ರ ಎಂಬ ಕೊತ್ತಲಗಳು. ದಂಡೆತ್ತಿ ಬರುವವರನ್ನು ತಡೆಯಬೇಕಾಗಿದ್ದ ಆ ಗೋಡೆಯ ಕೆಳಗೀಗ ಕ್ರಿಕೆಟ್ ಮೈದಾನ. ಟೆಸ್ಟ್ ನಡೆದರೆ ಟಿಕೆಟ್ ಇಲ್ಲದವರ ಗ್ಯಾಲರಿ ಆ ಗೋಡೆಯೇ. 2010ರಲ್ಲಿ ಮುರಳೀಧರನ್ ತಮ್ಮ 800ನೆಯ, ಕಡೆಯ ಟೆಸ್ಟ್ ವಿಕೆಟ್ ಕಿತ್ತದ್ದು ಇಲ್ಲಿಯೇ. ಬಲಿಯಾದದ್ದು ನಮ್ಮವರೇ ಆದ್ದರಿಂದ ಗೈಡು ಆ ಭಾಗವನ್ನು ಬಹಳ ಸಾವಧಾನವಾಗಿ, ಎರಡು ಸಲ ವಿವರಿಸಿದ.

ಸಮುದ್ರದ ಕಡೆಗೆ ಹೊರಳಿದರೆ ಗೋಡೆಯುದ್ದಕ್ಕೂ ಛತ್ರಿಗಳು. ಪ್ರತಿ ಛತ್ರಿಯ ಕೆಳಗೆ ನಾಲ್ಕು ಕಾಲು. “ಮಳೆಯೇ ಇಲ್ಲವಲ್ಲ?” ಎಂದೆ. “ನಿಮಗೆ ಇತಿಹಾಸ ಒಂದೇ ಗೊತ್ತು,” ಎಂದು ನನ್ನವಳು ಮುಂದೆ ನಡೆದಳು.

2004ರ ಸುನಾಮಿಗೆ ಹೊರಗಿನ ಪೇಟೆಯೂ ಮೈದಾನವೂ ಹಾಳಾದಾಗ ಒಳಗಿನ ಊರು ಬಹುಪಾಲು ಉಳಿದದ್ದು ಈ ಗೋಡೆಗಳಿಂದ. ಫಿರಂಗಿಗೆಂದು ಕಟ್ಟಿದ್ದು ಅಲೆ ತಡೆಯಲು, ಸ್ಕೋರು ನೋಡಲು, ಛತ್ರಿ ಬಿಚ್ಚಲು ಒದಗಿತು. ಬಾಡಿಗೆದಾರರೆಲ್ಲ ಖಾಲಿ ಮಾಡಿದ ಮೇಲೆಯೇ ಕೋಟೆಗೆ ಸರಿಯಾದ ಕೆಲಸ ಸಿಕ್ಕಿದ್ದು.