ಶೇಕಡ 109ರ ಬೋಗುಣಿ

ನೀವೂ ಮನೆಯಲ್ಲಿ ಏನಾದರೊಂದು ಸಂಶೋಧನೆ ಮಾಡಿ ಬೈಸಿಕೊಂಡವರೇ ಅಲ್ಲವೆ? ನನ್ನದು ಬಿಸಿಲಿನದು. ಮೇಲೆ ಬಿದ್ದ ಬೆಳಕಿನಲ್ಲಿ ಒಂದು ವಸ್ತು ಶೇಕಡ ಎಷ್ಟನ್ನು ಶಾಖ ಮಾಡುತ್ತದೆ? ನೀರಿಗೆ ಸೇರಿದ ಶಾಖವನ್ನು ಬಿದ್ದ ಬೆಳಕಿನಿಂದ ಭಾಗಿಸಿದರೆ ಆಯಿತು. ಲೀಟರ್ ನೀರು ಒಂದು ಡಿಗ್ರಿ ಏರಲು ಸುಮಾರು 4,186 ಜೂಲ್. ಬೇಸಿಗೆ ಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ ಸುಮಾರು 1,000 ವ್ಯಾಟ್.

ಫಳಫಳ ಸ್ಟೀಲು ಬೆಳಕನ್ನು ವಾಪಸ್ ಕಳಿಸುತ್ತದೆ, ಕಪ್ಪು ನುಂಗುತ್ತದೆ. 25 ಸೆಂಟಿಮೀಟರ್ ಅಗಲದ ಬೋಗುಣಿಗೆ ಬ್ಲ್ಯಾಕ್‌ಬೋರ್ಡ್ ಪೇಂಟ್ ಬಳಿದೆ. ಅಂಚಿನಲ್ಲಿ ಅತ್ತೆಯ ಹೆಸರು ಕೆತ್ತಿತ್ತು. ಸಂಡಿಗೆ ಇಡಲು ಅತ್ತೆಯೂ ಬಂದಿದ್ದರು.

"1767ರಲ್ಲೇ ಜಿನೀವಾದ ವಿಜ್ಞಾನಿ ಸೊಸ್ಯೂರ್ ಗಾಜಿನ ಪೆಟ್ಟಿಗೆಯಲ್ಲಿ ಬಿಸಿಲು ಹಿಡಿದು ಹಣ್ಣು ಬೇಯಿಸಿದ್ದ" ಎಂದೆ.

"ಹಣ್ಣು ಯಾಕ್ರೀ ಬೇಯಿಸ್ದ?" ಎಂದಳು ಹೆಂಡತಿ. ಉತ್ತರವಿರಲಿಲ್ಲ.

ಜ್ವರದ ಥರ್ಮಾಮೀಟರ್ ಅದ್ದಿದರೆ ಕಿಂಯ್ ಎಂದು 'ಎಚ್' ತೋರಿಸಿ ಕೈಚೆಲ್ಲಿತು. "ಎಚ್ ಅಂದ್ರೆ ಹಾಸ್ಪಿಟಲ್ಲಾ?" ಎಂದಳು ಮಗಳು. ಲ್ಯಾಬಿನ ಉದ್ದನೆಯದನ್ನೇ ಕೊಂಡು ತಂದೆ. ಲೀಟರ್ ನೀರು, ಒಂದು ಗಂಟೆ ಬಿಸಿಲು. 28 ಡಿಗ್ರಿಯಿದ್ದದ್ದು 74! ಭಾಗಿಸಿದರೆ ಶೇಕಡ 109. ಶಕ್ತಿ ಸಂರಕ್ಷಣೆಯ ನಿಯಮ ನಮ್ಮ ತಾರಸಿಯಲ್ಲಿ ಮಗುಚಿಬಿದ್ದಿತ್ತು. ಸನ್ಮಾನದ ಶಾಲು ಯಾವ ಬಣ್ಣದ್ದಿರಬಹುದು ಎಂಬಲ್ಲಿಗೆ ಯೋಚನೆ ತಲುಪಿತ್ತು.

"ಅಳಿಯಂದ್ರೆ," ಎಂದರು ಅತ್ತೆ, "ಕೈಗೆಲ್ಲ ಹಿಟ್ಟು ಮೆತ್ತಿತ್ತು, ನಿಮ್ಮ ಬೋಗುಣಿಯಿಂದ ಎರಡು ಲೋಟ ನೀರು ತಗೊಂಡೆ. ಒಲೆ ಮೇಲೆ ಕುದೀತಿದ್ದ ನೀರನ್ನ ಅಷ್ಟೇ ವಾಪಸ್ ಹಾಕಿದೀನಿ. ಸಾಲ ಉಳಿಸ್ಕೊಳ್ಳೋ ಮನೆತನ ಅಲ್ಲ ನಮ್ದು."

ಎರಡು ಲೋಟ ಕುದಿನೀರು ಕಳೆದು ಹಿಂದಕ್ಕೆ ಲೆಕ್ಕ ಹಾಕಿದೆ. ನಿಜವಾದದ್ದು 48 ಡಿಗ್ರಿ, ಅಂದರೆ ಶೇಕಡ 47.

"ಪಾಸ್ ಬಿಡಪ್ಪಾ, 35 ಸಾಕು" ಎಂದಳು ಮಗಳು.

"ಉಳಿದ 53 ಎಲ್ಲಿ ಹೋಯ್ತು?" ಹೆಂಡತಿಗೆ ಲೆಕ್ಕ ಬೇಕು.

"ಗಾಳಿಗೆ ಸ್ವಲ್ಪ, ಆವಿಗೆ ಸ್ವಲ್ಪ, ಪ್ರತಿಫಲನಕ್ಕೆ ಸ್ವಲ್ಪ."

"ನಿಮ್ಮ ಸಂಬಳದ ಹಾಗೆ" ಎಂದು ಕೆಳಗಿಳಿದಳು. ಬೋಗುಣಿಗೆ ಮುಚ್ಚಳವಾಗಿ ಗಾಜು ಇಟ್ಟಿದ್ದರೆ ಗಾಳಿ, ಆವಿಯ ಪಾಲು ಕಮ್ಮಿಯಾಗುತ್ತಿತ್ತು ಎಂದು ಕೂಗಿದೆ. ಸಂಬಳಕ್ಕೆ ಮುಚ್ಚಳ ಇಡಲು ಅವಳಿಗೆ ಬರುತ್ತದೆಯಂತೆ.

ತಾರಸಿಯಲ್ಲಿ ಹೇಗೂ ಇದ್ದೀರಲ್ಲ ಎಂದು ಅತ್ತೆ ಸಂಡಿಗೆ ಕಾಯುವ ಕೆಲಸ ಕೊಟ್ಟರು, ಜೊತೆಗೊಂದು ಕಪ್ಪು ಛತ್ರಿ. ಕಪ್ಪು ಬಟ್ಟೆ ಬೆಳಕನ್ನೆಲ್ಲ ಹೀರಿದರೆ ಕೆಳಗೆ ಕೂತವನ ನೆತ್ತಿಗೆ ತಲುಪುವ ಶಾಖವೆಷ್ಟು? ಛತ್ರಿಯ ವ್ಯಾಸ ಅಳೆಯಲು ಟೇಪು ಬಿಚ್ಚಿ, ಅದರ ಅರ್ಧವನ್ನು ವರ್ಗ ಮಾಡಿ, ಪೈ ಗುಣಿಸಿ ತಲೆಯೆತ್ತುವಷ್ಟರಲ್ಲಿ ಎರಡು ಕಾಗೆಗಳು ಮೊದಲ ಸಾಲಿನ ಸಂಡಿಗೆ ಮುಗಿಸಿ ಎರಡನೆಯದಕ್ಕೆ ಬಾಯಿ ಹಾಕಿದ್ದವು.